ನಿರೀಕ್ಷೆಗೆ ತಕ್ಕಂತಿದ್ದೀರಿ, ಆದ್ದರಿಂದ ಅಲ್ಲೇ ಇರಿ

ಕಚೇರಿಯಲ್ಲಿ ನಮ್ಮ ವರ್ಷದ ಕೆಲಸವನ್ನು ತೂಗಿ ನೋಡುವ ಅಪ್ರೈಸಲ್ ಕಾಲ ಬಂದಿದೆ ಎಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಬಡ್ತಿ ಪಡೆಯುವ ಸೂತ್ರಗಳು, ವೃತ್ತಿಜೀವನವನ್ನು ಹಾಳುಮಾಡುವ ತಪ್ಪುಗಳು ಎಂಬ ಪಟ್ಟಿಗಳು ಮೊಬೈಲಿನಲ್ಲಿ ಒಂದರ ಹಿಂದೊಂದು ಬರತೊಡಗಿದರೆ ಸಾಕು. ಈ ಸಲದ ಪಟ್ಟಿಗಳನ್ನೂ ಭಯಭಕ್ತಿಯಿಂದ ಓದಿದ್ದೇನೆ. ಅಭಿಪ್ರಾಯವನ್ನು ಧೈರ್ಯವಾಗಿ ಹೇಳಬೇಕಂತೆ, ಆದರೆ ಮೇಲಿನವರ ಮುಖ ಕೆಂಪಾಗಬಾರದಂತೆ. ಬಡ್ತಿ ಬೇಕೆಂದು ಬಾಯಿಬಿಟ್ಟು ಕೇಳಬೇಕಂತೆ, ಆದರೆ ಬಡ್ತಿಗಾಗಿ ಬಾಯಿಬಾಯಿ ಬಿಡುವವರೆಂದು ಅನ್ನಿಸಿಕೊಳ್ಳಬಾರದಂತೆ. ಹೊಸ ಜವಾಬ್ದಾರಿಯನ್ನು ಯಾರೂ ಹೇಳದೆಯೇ ಮೈಮೇಲೆ ಹಾಕಿಕೊಳ್ಳಬೇಕಂತೆ, ಎಲ್ಲದಕ್ಕೂ ಹೂಂಗುಟ್ಟುವುದು ಮಾತ್ರ ಮಹಾಪರಾಧವಂತೆ. ಈ ಉಪದೇಶದ ಹಿರಿಮೆ ಇರುವುದೇ ಇಲ್ಲಿ. ಇದನ್ನು ಪೂರ್ತಿಯಾಗಿ ಪಾಲಿಸಲು ಯಾರಿಂದಲೂ ಆಗದ ಕಾರಣ, ಬಡ್ತಿ ಸಿಗದವರು ಯಾವುದೋ ಒಂದು ಸೂತ್ರವನ್ನು ಮೀರಿಯೇ ಇದ್ದಾರೆಂದು ಯಾವಾಗ ಬೇಕಾದರೂ ತೋರಿಸಿಕೊಡಬಹುದು.

ಬಡ್ತಿ ಕೊಡುವವರು ಮಾಡುವ ತಪ್ಪುಗಳ ಪಟ್ಟಿ ಮಾತ್ರ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ಪಟ್ಟಿಯನ್ನು ಯಾರಾದರೂ ಬರೆಯಲು ಕುಳಿತರೆ, ಎಲ್ಲ ತಂಡಗಳ ರೇಟಿಂಗುಗಳನ್ನು ಒಂದೇ ಅಳತೆಗೆ ಹೊಂದಿಸುವ ನಾರ್ಮಲೈಸೇಶನ್ ಎಂಬ ಸಭೆಯಿಂದ ಶುರುಮಾಡಬಹುದು. ವರ್ಷವಿಡೀ ನಿಮ್ಮ ಬೆನ್ನು ತಟ್ಟಿದ ಮ್ಯಾನೇಜರ್ ನಿಮಗೊಂದು ಒಳ್ಳೆಯ ರೇಟಿಂಗ್ ಬರೆದುಕೊಂಡು ಆ ಕೋಣೆಯೊಳಗೆ ಹೋಗುತ್ತಾರೆ, ಹೊರಗೆ ಬರುವಾಗ ಅದು ಒಂದು ಮೆಟ್ಟಿಲು ಇಳಿದಿರುತ್ತದೆ. ಕಾರಣ ಕೇಳಿದರೆ ಬೆಲ್ ಕರ್ವ್ (ಹೆಚ್ಚಿನವರನ್ನು ನಡುವೆ, ಕೆಲವರನ್ನಷ್ಟೇ ಎರಡು ತುದಿಗಳಲ್ಲಿ ಕೂರಿಸುವ ಗಂಟೆಯಾಕಾರದ ರೇಖೆ) ಎನ್ನುತ್ತಾರೆ, ತಮ್ಮ ಕೈಯಲ್ಲಿ ಏನೂ ಇಲ್ಲವೆಂಬಂತೆ, ಅದೇನೋ ಪ್ರಕೃತಿಯ ನಿಯಮವೆಂಬಂತೆ. ಈ ರೇಖೆಗೂ ನೌಕರರಿಗೂ ಮೂಲದಲ್ಲಿ ಯಾವ ನಂಟೂ ಇರಲಿಲ್ಲ. 1801ರಲ್ಲಿ ಸೀರಿಸ್ ಎಂಬ ಆಕಾಶಕಾಯವೊಂದು ಕಾಣಿಸಿಕೊಂಡು, ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾದಾಗ, ಸಿಕ್ಕಷ್ಟು ಅಳತೆಗಳನ್ನೇ ಇಟ್ಟುಕೊಂಡು ಅದು ಮತ್ತೆ ಎಲ್ಲಿ ಕಾಣಿಸೀತೆಂದು ಲೆಕ್ಕ ಹಾಕಿಕೊಟ್ಟವರು ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗಾಸ್. ಇಂಥ ಅಳತೆಗಳಲ್ಲಿ ನುಸುಳುವ ದೋಷಗಳು ಹೇಗೆ ಹರಡಿಕೊಂಡಿರುತ್ತವೆ ಎಂಬುದನ್ನು 1809ರಲ್ಲಿ ವಿವರಿಸುವಾಗ ಅವರು ಮುಂದಿಟ್ಟದ್ದು ಈ ಗಂಟೆಯಾಕಾರದ ರೇಖೆಯನ್ನು. ಅಂದರೆ ಅದು ದೋಷಗಳ ರೇಖೆ. ಅದರ ಮೇಲೆ ನಮ್ಮನ್ನು ಕೂರಿಸಿದ ಆಡಳಿತ ಮಂಡಳಿಗಳು ತಮಗೆ ಗೊತ್ತಿಲ್ಲದೆಯೇ ಮನದಾಳದ ಮಾತನ್ನು ಹೇಳಿಬಿಟ್ಟಿವೆ. ಗಾಸ್ ಅವರ ಲೆಕ್ಕದ ಪ್ರಕಾರ ಹುಡುಕಿದಾಗ ಸೀರಿಸ್ ಸಿಕ್ಕಿತು. ಬೆಲ್ ಕರ್ವಿನ ನಡುಭಾಗದಲ್ಲಿ ಒಮ್ಮೆ ಕಳೆದುಹೋದ ನೌಕರನನ್ನು ಮತ್ತೆ ಹುಡುಕಿದವರು ಯಾರೂ ಇಲ್ಲ. ಅದೂ ಹೋಗಲಿ, ಏಳು ಜನರ ತಂಡದಲ್ಲಿ ಎಂಥ ಗಂಟೆಯಾಕಾರ ಮೂಡೀತು?

1981ರಿಂದ 2001ರವರೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ನೌಕರರನ್ನು ಮೇಲಿನ ಶೇ. 20, ನಡುವಿನ ಶೇ. 70, ಕೆಳಗಿನ ಶೇ. 10 ಎಂದು ಪಾಲು ಮಾಡಿ, ಕೊನೆಯವರಿಗೆ ಬಾಗಿಲು ತೋರಿಸುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದರು. ಮೈಕ್ರೋಸಾಫ್ಟ್ ಇಂಥದ್ದೇ ವ್ಯವಸ್ಥೆಯನ್ನು 2013ರಲ್ಲಿ ಕೈಬಿಟ್ಟಿತು, ಜನರಲ್ ಎಲೆಕ್ಟ್ರಿಕ್ ಕೂಡ ತನ್ನ ಹಳೆಯ ಪದ್ಧತಿಯಿಂದ ದೂರ ಸರಿಯಿತು. ಅವರು ಬಿಸಾಡಿದ್ದನ್ನು ಉಳಿದವರು ಎತ್ತಿ ಒರೆಸಿ ಇಟ್ಟುಕೊಂಡಿದ್ದಾರೆ.

ಇನ್ನು ಸೆಲ್ಫ್ ಅಪ್ರೈಸಲ್ ಎಂಬ ಅರ್ಜಿಯ ವಿಷಯ. ಅದರಲ್ಲಿ ‘ಈ ವರ್ಷ ನೀವು ಸಾಧಿಸಿದ್ದೇನು’ ಎಂಬ ಪ್ರಶ್ನೆಯ ಕೆಳಗೊಂದು ಚೌಕವಿರುತ್ತದೆ, ಇಷ್ಟೇ ಅಕ್ಷರಗಳೆಂಬ ಮಿತಿಯೂ ಇರುತ್ತದೆ. ಸರ್ವರ್‌ಗಳನ್ನು ನೋಡಿಕೊಳ್ಳುವ ನನ್ನ ಗೆಳತಿಯೊಬ್ಬರು ಆ ಚೌಕದ ಮುಂದೆ ಬಹಳ ಹೊತ್ತು ಕುಳಿತು, ಕೊನೆಗೆ ‘ಯಾವ ಅಡಚಣೆಯೂ ಆಗಲಿಲ್ಲ’ ಎಂದು ಬರೆದರು. ಅದು ನಿಜವಾಗಿತ್ತು. ಡಿಸ್ಕ್ ತುಂಬುವ ಮೊದಲೇ ಖಾಲಿ ಮಾಡಿಸಿದ್ದು, ಅವಧಿ ಮುಗಿಯಲಿದ್ದ ಸರ್ವರಿನ ಸುರಕ್ಷತಾ ಸರ್ಟಿಫಿಕೇಟನ್ನು ಹಿಂದಿನ ವಾರವೇ ಬದಲಿಸಿದ್ದು, ಬ್ಯಾಕಪ್ ಎಂದು ಇಟ್ಟದ್ದು ನಿಜಕ್ಕೂ ತೆರೆದುಕೊಳ್ಳುತ್ತದೆಯೇ ಎಂದು ಆಗಾಗ ತೆರೆದು ನೋಡಿದ್ದು, ಇವೆಲ್ಲ ಏನೂ ಆಗದಂತೆ ನೋಡಿಕೊಳ್ಳುವ ಕೆಲಸಗಳು. ಪಕ್ಕದ ತಂಡದ ಮಹಾಶಯರು ಅದೇ ವರ್ಷ ಪರೀಕ್ಷಿಸದೆ ಒಂದು ಬದಲಾವಣೆಯನ್ನು ಹರಿಯಬಿಟ್ಟು ಇಡೀ ವ್ಯವಸ್ಥೆಯನ್ನು ಮಲಗಿಸಿದರು, ರಾತ್ರಿಯೆಲ್ಲ ಎಚ್ಚರವಿದ್ದು ಮತ್ತೆ ಎಬ್ಬಿಸಿದರು, ಎಬ್ಬಿಸುವಾಗ ಪ್ರತಿ ಅರ್ಧ ಗಂಟೆಗೊಮ್ಮೆ ಹಿರಿಯ ಅಧಿಕಾರಿಗಳಿಗೆಲ್ಲ ಮೇಲ್ ಹಾಕಿದರು. ಬೆಳಿಗ್ಗೆ ಅವರ ಸಮರ್ಪಣಾಭಾವವನ್ನು ಕೊಂಡಾಡುವ ಮೇಲ್ ಇಡೀ ಸಂಸ್ಥೆಗೆ ಬಂತು. ಬಡ್ತಿ ಯಾರಿಗೆ ಸಿಕ್ಕಿತೆಂದು ನಿಮಗೆ ಹೇಳಬೇಕಾಗಿಲ್ಲ. ಗೆಳತಿಗೆ ಸಿಕ್ಕಿದ್ದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಒಂದು ಫೀಡ್‌ಬ್ಯಾಕ್: ಕೆಲಸ ನಿರೀಕ್ಷೆಗೆ ತಕ್ಕಂತಿದೆ, ವಿಸಿಬಿಲಿಟಿ, ಅಂದರೆ ಮೇಲಿನವರ ಕಣ್ಣಿಗೆ ಬೀಳುವುದು, ಸ್ವಲ್ಪ ಹೆಚ್ಚಬೇಕು. ಬೆಂಕಿ ಹಚ್ಚದೆ ಬೆಂಕಿ ಆರಿಸುವ ಕೀರ್ತಿ ಪಡೆಯುವುದು ಹೇಗೆಂಬ ಸೂತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಆದರೆ ಆ ಮಹಾಶಯರ ಮೇಲೆ ಕೋಪಿಸಿಕೊಳ್ಳುವುದೂ ತರವಲ್ಲ. ಇನ್ನೆರಡು ವರ್ಷಗಳಲ್ಲಿ ಅವರಿಗೂ ಶಾಸ್ತ್ರ ತನ್ನ ಕೈಚಳಕ ತೋರಿಸುತ್ತದೆ. ಪ್ರತಿಯೊಬ್ಬನೂ ತಾನು ನಿಭಾಯಿಸಲಾರದ ಹುದ್ದೆಯನ್ನು ಮುಟ್ಟುವವರೆಗೂ ಬಡ್ತಿ ಪಡೆಯುತ್ತಲೇ ಹೋಗುತ್ತಾನೆ, ಮುಟ್ಟಿದ ಮೇಲೆ ಅಲ್ಲೇ ತಳವೂರುತ್ತಾನೆ ಎಂದು ಕೆನಡಾ ಮೂಲದ ಶಿಕ್ಷಣತಜ್ಞ ಲಾರೆನ್ಸ್ ಪೀಟರ್ 1969ರಲ್ಲೇ ಹೇಳಿಟ್ಟಿದ್ದಾರೆ. ಅದನ್ನು ತಮಾಷೆಯೆಂದು ನಕ್ಕು ಬಿಟ್ಟವರಿಗಾಗಿ 2019ರಲ್ಲಿ ಮೂವರು ಸಂಶೋಧಕರು ಅಮೆರಿಕದ ಅನೇಕ ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆಗಳನ್ನು ಜಾಲಾಡಿದರು. ಹೆಚ್ಚು ಮಾರಿದವರಿಗೆ ಬಡ್ತಿ ಸಿಗುವ ಸಾಧ್ಯತೆ ಹೆಚ್ಚಿತ್ತು, ಅವರ ಕೈಕೆಳಗೆ ಬಂದ ತಂಡಗಳ ಮಾರಾಟ ಮಾತ್ರ ಕುಸಿಯುವತ್ತ ವಾಲಿತ್ತು. ಇಟಲಿಯ ಕಟಾನಿಯಾ ವಿಶ್ವವಿದ್ಯಾಲಯದ ಮೂವರಂತೂ ಯಾರಿಗೆ ಬಡ್ತಿ ಕೊಡಬೇಕೆಂದು ಚೀಟಿ ಎತ್ತಿದರೆ ಸಂಸ್ಥೆ ಇನ್ನಷ್ಟು ಚೆನ್ನಾಗಿ ನಡೆದೀತೆಂದು ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿ, 2010ರ ಇಗ್ ನೊಬೆಲ್ ಪ್ರಶಸ್ತಿ ಪಡೆದರು. ಅದು ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಪ್ರಶಸ್ತಿ. ಎಚ್‌ಆರ್ ವಿಭಾಗದವರು ಮೊದಲನೆಯ ಭಾಗವನ್ನಂತೂ ನೆರವೇರಿಸಿರಬೇಕು.

ಚೀಟಿ ಎತ್ತುವುದರಲ್ಲಿ ಇನ್ನೊಂದು ಅನುಕೂಲವಿದೆ. ಚೀಟಿಗೆ ಹೆಣ್ಣು ಗಂಡೆಂಬುದು ತಿಳಿಯುವುದಿಲ್ಲ. 2019ರ ಅದೇ ಮೂವರು ಮುಂದೆ ಒಂದು ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಯ ಮೌಲ್ಯಮಾಪನ ಕಡತಗಳನ್ನು ನೋಡಿದಾಗ, ಮಾಡಿದ ಕೆಲಸಕ್ಕೆ ಹೆಂಗಸರಿಗೇ ಹೆಚ್ಚು ಅಂಕ ಬಿದ್ದಿತ್ತು, ಮುಂದೆ ಬೆಳೆಯಬಲ್ಲರೇ ಎಂಬ ಕಾಲಮ್ಮಿನಲ್ಲಿ ಅವರಿಗೇ ಕಡಿಮೆ ಬಿದ್ದಿತ್ತು. ಆ ಕಾಲಮ್ಮಿನಲ್ಲಿ ಸರಿಸಮ ಅಂಕ ಪಡೆದ ಗಂಡಸರಿಗಿಂತ ಅವರು ಮುಂದೆ ಚೆನ್ನಾಗಿಯೇ ಕೆಲಸ ಮಾಡಿ ತೋರಿಸಿದರು, ಆದರೂ ಮರುಸಲದ ಅಂಕ ಸರಿಹೋಗಲಿಲ್ಲ. ಇಲ್ಲಿ ನನಗೆ ನಗು ಬರುವುದಿಲ್ಲ. ಕಣ್ಣೆದುರು ಇರುವ ಕೆಲಸವನ್ನು ಒಪ್ಪಿಕೊಂಡು, ಕಾಣದ ಭವಿಷ್ಯದ ಹೆಸರಿನಲ್ಲಿ ಅದನ್ನು ಹೊಡೆದುಹಾಕುವ ಈ ಕಾಲಮ್ಮನ್ನು ತುಂಬುವವರಿಗೆ ಯಾವ ರೇಟಿಂಗೂ ಇಲ್ಲ. ಹಾಗಿರುವಾಗ ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳಿ, ಮೀಟಿಂಗಿನಲ್ಲಿ ಗಟ್ಟಿಯಾಗಿ ಮಾತಾಡಿ ಎಂದು ಹೆಂಗಸರಿಗೇ ಪಾಠ ಹೇಳುವುದು ಶುದ್ಧ ನಿರ್ಲಜ್ಜತನ.

ಎಲ್ಲರನ್ನೂ ಸಮಾನವಾಗಿ ಕಾಣುವ ಒಂದು ಬಡ್ತಿಯೂ ಉಂಟು. ಅದರಲ್ಲಿ ಡೆಸಿಗ್ನೇಷನ್ ಬದಲಾಗುತ್ತದೆ, ಕೆಲಸ ಎರಡು ಪಟ್ಟಾಗುತ್ತದೆ, ಸಂಬಳ ಇದ್ದಲ್ಲೇ ಇರುತ್ತದೆ. ಹೀಗೆ ಮೂಗಿಗೆ ತುಪ್ಪ ಸವರಿಸಿಕೊಂಡವರು ಕೃತಜ್ಞತೆಯಿಂದ ಮೇಲ್ ಬರೆಯಬೇಕೆಂಬ ರೂಢಿಯೂ ಇದೆ.

ಗೆಳತಿ ಈಚೆಗೆ ರಾಜೀನಾಮೆ ಕೊಟ್ಟರು. ಇಡೀ ವರ್ಷ ಎಲ್ಲೂ ಕಾಣಿಸದಿದ್ದ ಬಜೆಟ್ ಮರುದಿನವೇ ಪ್ರತ್ಯಕ್ಷವಾಯಿತು. ಸೀನಿಯರ್ ಪಟ್ಟವೂ ಸಂಬಳದ ಏರಿಕೆಯೂ ಒಟ್ಟಿಗೆ ಬಂದು ಅವರ ಮೇಜಿನೆದುರು ನಿಂತವು, ಇನ್ನೂ ಹಿರಿಯರೊಬ್ಬರು ತಾವಾಗಿ ಫೋನ್ ಮಾಡಿ ನೀವಿಲ್ಲದೆ ಹೇಗೆ ಎಂದರು. ಗೆಳತಿ ಒಪ್ಪದೆ ಹೊರಟಾಗ ಆ ಜಾಗಕ್ಕೆ ಹೊರಗಿನಿಂದ ಒಬ್ಬರನ್ನು ತಂದರು, ಅವರು ಕೇಳಿದ್ದಕ್ಕಿಂತ ಹೆಚ್ಚಿನ ಸಂಬಳಕ್ಕೆ. ನೋಟಿಸ್ ಅವಧಿ ಮುಗಿಯುವ ಮೊದಲು ಹೊಸಬರಿಗೆ ಎಲ್ಲವನ್ನೂ ಕಲಿಸಿಕೊಡಿ ಎಂದು ಗೆಳತಿಗೆ ಮೇಲ್ ಬಂದಿದೆ, ಆ ಮಹಾಶಯರಿಗೆ ಸಿಸಿ ಹಾಕಿ. ಈಗ ಮ್ಯಾನೇಜರ್ ಅವರೇ ತಾನೆ.