ಗೋವಿನಜೋಳದ ಮೈಕು

ಇವತ್ತು ಬೆಳಗ್ಗೆ ನಮ್ಮ ಶಾಲೆಯ ವಾರ್ತೆಯಲ್ಲಿ ಮೊದಲ ಸುದ್ದಿ ನಾನೇ. ‘ನಮ್ಮ ಸರ್ 14 ನಿಮಿಷ ತಡವಾಗಿ ಬಂದಿದ್ದಾರೆ. ಈ ವಾರದಲ್ಲಿ ಇದು ಮೂರನೇ ಸಲ.’ ಓದಿದ್ದು ಐದನೇ ತರಗತಿ ಹುಡುಗಿ. ಕಣ್ಣು ಕೂಡ ಮಿಟುಕಿಸಲಿಲ್ಲ.

ಮಾಡಿಕೊಂಡಿದ್ದು ನಾನೇ ಬಿಡಿ. ಮೊದಲೆಲ್ಲ ಪ್ರಾರ್ಥನೆ ಮುಗಿದ ಮೇಲೆ ಪೇಪರ್ ಓದಿಸುತ್ತಿದ್ದೆವು. ಆದರೆ ಹಾವೇರಿಯಿಂದ ಪೇಪರ್ ಬರೋದೂ ನಾನು ಬರೋದೂ ಒಂದೇ ಬಸ್ಸಿನಲ್ಲಿ. ಅದು ಯಾವಾಗ ಬರುತ್ತೆ ಅಂತ ಡ್ರೈವರಿಗೂ ಗೊತ್ತಿರೋದಿಲ್ಲ. ‘ನಿಮ್ಮೂರ ಸುದ್ದಿ ನೀವೇ ಮಾಡ್ರಿ’ ಅಂದುಬಿಟ್ಟೆ. ಮೊಬೈಲಿನಲ್ಲಿ ಹಿಡಿದು ಪಾಲಕರ ವಾಟ್ಸಾಪ್ ಗ್ರೂಪಿಗೆ ಹಾಕೋದು. ಈಗ ನಾನು ತಡ ಮಾಡಿದ್ದು ಊರಿಗೆಲ್ಲ ಗೊತ್ತು.

ಮೈಕ್ ಬೇಕಲ್ಲ? ಮಳೆಗಾಲದಲ್ಲಿ ನಮ್ಮ ಕಡೆ ಎತ್ತ ನೋಡಿದರೂ ಗೋವಿನಜೋಳ. ನಾಲ್ಕನೇ ತರಗತಿಯ ವರದಿಗಾರ ಒಂದು ಎಳೇ ತೆನೆ ಮುರಿದು ತಂದ. ಸಿಪ್ಪೆ ಸುಲಿದು, ಹಿಂದಕ್ಕೆ ಮಡಚಿ ಹಿಡಿಕೆ ಮಾಡಿದ. ಚೆನ್ನಾಗೇ ಇತ್ತು. ಆದರೆ ಎದುರಿನವರು ಮಾತಾಡುವಾಗ ಇವನಿಗೆ ಸುಮ್ನೆ ನಿಲ್ಲೋಕಾಗಲ್ಲ. ಒಂದೊಂದೇ ಕಾಳು ಕಿತ್ತು ಬಾಯಿಗೆ.

‘ಅಕ್ಕಾ, ಸಾರಿನಾಗಿನ ಬ್ಯಾಳಿ ಎಲ್ಲಿ ಹೋದ್ವು?’ ಅಂತ ಅಡುಗೆ ಅಕ್ಕನನ್ನು ಕೇಳಿದ.

‘ತಳದಾಗ ಅದಾವ. ಮೊದ್ಲ ಓಡಿ ಬಂದು ನಿಂತ್ರ ತಿಳೀನ ಸಿಗೋದು.’

ಅಷ್ಟರಲ್ಲಿ ಒಂದು ಸಾಲು ಕಾಳು ಖಾಲಿ. ಮರುದಿನ ಪಂಚಾಯ್ತಿ ಮೆಂಬರ್ ನಳದ ನೀರಿನ ಬಗ್ಗೆ ಮಾತಾಡಿದರು. ಅವರು ಶುರು ಮಾಡಿದರೆ ಗೊತ್ತಲ್ಲ! ಮುಗಿಸಿ ನೋಡಿದರೆ ಮುಂದೆ ಬರೀ ದಿಂಡು.

‘ಏನೋ ಇದು?’

‘ಮೈಕ್ ಆಫ್ ಆಗೇತ್ರಿ.’

ದಿನಕ್ಕೊಂದು ಮೈಕ್ ಅಂದರೆ ಹೊಲದವರು ಬಿಡ್ತಾರಾ? ಬಂದು ಕೇಳಿದ್ದು ನನ್ನನ್ನೇ.

ನಮ್ಮಪ್ಪ ಧಾರವಾಡ ಆಕಾಶವಾಣಿ ಹಚ್ಚಿದರೆ ಮನೆಯಲ್ಲಿ ಯಾರೂ ಪಿಟಕ್ ಅನ್ನೋ ಹಾಗಿರಲಿಲ್ಲ. ಆ ನಿಲಯ ಶುರುವಾಗಿದ್ದು 1950ರಲ್ಲಿ, ಅಪ್ಪನಿಗಿಂತ ಎರಡು ವರ್ಷ ಚಿಕ್ಕದು. ವಾರ್ತೆಯಲ್ಲಿ ನಮ್ಮೂರ ಹೆಸರು ಒಂದು ದಿನವಾದರೂ ಬಂದೀತು ಅಂತ ಕಾಯ್ತಿದ್ದ. ನಾನು ಕೇಳಿದ ಮಟ್ಟಿಗೆ ಬರಲೇ ಇಲ್ಲ. ಈ ಹುಡುಗರ ವಾರ್ತೆಯಲ್ಲಿ ಅವರೂರ ಹೆಸರು ದಿನಾ ನಾಲ್ಕು ಸಲ ಬರುತ್ತೆ. ಅಪ್ಪ ಇದ್ದಿದ್ದರೆ ಗ್ರೂಪಿಗೆ ಸೇರಿಸು ಅಂತಿದ್ದನೇನೋ.

ಇರಲಿ. ಇವತ್ತು ತೆನೆ ನನ್ನ ಮೂತಿಗೇ ಬಂತು. ‘ತಡಾ ಆಗಿದ್ದಕ್ಕ ಏನ್ ಹೇಳ್ತೀರಿ ಸರ?’

ಬಸ್ಸು, ಟೈರು, ಕೆಸರು ಅಂತ ಶುರು ಮಾಡಿದೆ. ಅವನ ಬೆರಳು ಕಾಳಿನ ಕಡೆ ಹೊರಟಿತು. ‘ನಾಳೆ ಬೇಗ ಬರ್ತೀನಿ’ ಅಂತ ಅಲ್ಲಿಗೇ ಮುಗಿಸಿದೆ.

ತುಂಬಿದ ತೆನೆ ಹಿಡಿದುಕೊಂಡು ಹುಡುಗ ಸಪ್ಪಗೆ ನಿಂತಿದ್ದ.