ಎಲ್ಲ ಕಡೆ ಓಡುವ ಸ್ಕ್ರಿಪ್ಟ್ ಅಂತೆ!

ಲಿನಕ್ಸ್ ಅಂದ್ರೆ ಲಿನಕ್ಸ್, ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರ್‌ಗೆ ಕೊಡುವ ಆದೇಶಗಳ ಫೈಲ್) ಎಲ್ಲಿ ಬೇಕಾದರೂ ಓಡುತ್ತೆ ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಲಿನಕ್ಸ್‌ಗೆ ಫೆಡೋರಾ, ಉಬುಂಟು, ಆಲ್ಪೈನ್ ಅಂತ ಹಲವು ಅವತಾರ, ಅವೇ ಡಿಸ್ಟ್ರೋಗಳು. ಸ್ಕ್ರಿಪ್ಟ್ ಓದಿ ನಡೆಸುವ ಶೆಲ್ ಎಲ್ಲದರಲ್ಲೂ ಒಂದೇ ಅಲ್ಲ. ಫೆಡೋರಾದಲ್ಲಿ ಎಸ್‌ಎಚ್ ಅಂತ ಶೆಲ್ ಕರೆದರೆ ಬರುವುದು ಬ್ಯಾಶ್. ಉಬುಂಟುವಿನಲ್ಲಿ 2006ರಿಂದಲೇ ಅದೇ ಹೆಸರಿಗೆ ಓಗೊಡುವುದು ಡ್ಯಾಶ್. ಆಲ್ಪೈನ್‌ನಲ್ಲಿ ಬ್ಯುಸಿಬಾಕ್ಸ್ ಅನ್ನುವ ಪುಟ್ಟ ಉಪಕರಣಗಳ ಗಂಟಿನ ಆ್ಯಶ್. ಷರತ್ತು ಪರೀಕ್ಷಿಸುವ ಜೋಡಿ ಚೌಕ ಬ್ರಾಕೆಟ್, ಮೌಲ್ಯಗಳ ಪಟ್ಟಿ ಇಡುವ ಅರೇ ಎಲ್ಲ ಬ್ಯಾಶ್‌ನಲ್ಲಿ ಸಲೀಸು. ಡ್ಯಾಶ್ ಅವನ್ನು ಮೂಸಿಯೂ ನೋಡುವುದಿಲ್ಲ. ಪರದೆಗೆ ಬರೆಯುವ ಎಕೋ ಆದೇಶಕ್ಕೆ ಮೈನಸ್ ಇ ಅನ್ನುವ ಆಯ್ಕೆ ಕೊಟ್ಟರಂತೂ ಡ್ಯಾಶ್ ಆ ಮೈನಸ್ ಇಯನ್ನೇ ಪರದೆ ಮೇಲೆ ತೋರಿಸುತ್ತದೆ. ಎಕೋ ಬದಲು ಪ್ರಿಂಟ್‌ಎಫ್ ಬಳಸಿ ಅನ್ನುತ್ತಾರೆ. ಸರಿ, ಹಳೇ ಸ್ಕ್ರಿಪ್ಟ್‌ಗಳನ್ನೆಲ್ಲ ಕೂತು ತಿದ್ದುವವರು ಯಾರು?

ಆಲ್ಪೈನ್‌ದು ಇನ್ನೂ ತಮಾಷೆ. ಅದರಲ್ಲಿ ಬ್ಯಾಶ್ ಮೊದಲೇ ಇರುವುದಿಲ್ಲ. ಯಾವ ಶೆಲ್ ಬೇಕು ಅಂತ ಹೇಳುವ ಮೊದಲ ಸಾಲಿನಲ್ಲಿ ಬ್ಯಾಶ್ ಅಂತ ಇರುವ ಸ್ಕ್ರಿಪ್ಟ್ ಫೈಲ್ ಓಡಿಸಿದರೆ 'ನಾಟ್ ಫೌಂಡ್' ಅನ್ನುತ್ತದೆ. ಫೈಲ್ ಕಣ್ಣೆದುರಿಗೇ ಇದೆ, ಅಲ್ವಾ! ಸಿಗದಿರುವುದು ಬ್ಯಾಶ್ ಅಂತ ಬಾಯಿಬಿಟ್ಟು ಹೇಳಬಾರದಾ? ಸುಮ್ನೆ ಫೈಲ್ ಪರ್ಮಿಷನ್, ಪಾತ್ ಅಂತ ಹುಡುಕುತ್ತಾ ಕೂರಬೇಕು.

ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್ ಹಾಕುವ ಕಥೆ ಬೇರೆ. ಅದಕ್ಕೆ ಒಂದೊಂದು ಡಿಸ್ಟ್ರೋದಲ್ಲಿ ಒಂದೊಂದು ಆದೇಶ: ಆಪ್ಟ್, ಡಿಎನ್‌ಎಫ್, ಪ್ಯಾಕ್‌ಮ್ಯಾನ್, ಎಪಿಕೆ. ಪ್ಯಾಕೇಜ್ ಹೆಸರಾದರೂ ಒಂದೇ ಇದೆಯಾ? ಅದೇ ಅಪಾಚೆ ಸರ್ವರ್ ಡೆಬಿಯನ್‌ನಲ್ಲಿ ಅಪಾಚೆ2, ಫೆಡೋರಾದಲ್ಲಿ ಎಚ್‌ಟಿಟಿಪಿಡಿ. ಸ್ಕ್ರಿಪ್ಟ್‌ನಲ್ಲಿ ನಿಜವಾದ ಕೆಲಸ ಮೂರೇ ಸಾಲು. ಇದು ಯಾವ ಡಿಸ್ಟ್ರೋ ಅಂತ ಕಂಡುಹಿಡಿಯುವುದಕ್ಕೇ ಅರ್ಧ ಪುಟ!