ಇನ್ನರ್ ವೀಲ್ ಬೇರೆಯಾಗಿಯೇ ಇರಬೇಕಾ?

1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ರೋಟರಿ ಗಂಡಸರ ಸೇವಾ ಕ್ಲಬ್ಬಾಗಿತ್ತು. 1924ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರೋಟರಿ ಸದಸ್ಯರ ಹೆಂಡತಿಯರು ಇನ್ನರ್ ವೀಲ್ ಎಂಬ ಮಹಿಳೆಯರ ಕ್ಲಬ್ಬು ಕಟ್ಟಿದರು. 1989ರಲ್ಲಿ ರೋಟರಿಯೇ ಮಹಿಳೆಯರಿಗೆ ಬಾಗಿಲು ತೆರೆಯಿತು. ಹಾಗಾದರೆ ಈಗ ಎರಡು ಸಂಸ್ಥೆ ಯಾಕೆ? ಒಬ್ಬ ಇನ್ನರ್ ವೀಲ್ ಮಾಜಿ ಅಧ್ಯಕ್ಷೆ ಮತ್ತು ಒಬ್ಬ ರೋಟರಿ ಸದಸ್ಯರು ಇಲ್ಲಿ ಬರೆದಿದ್ದಾರೆ.

ಪರ: ಇದು ಯಾರ ಮಹಿಳಾ ಘಟಕವೂ ಅಲ್ಲ

ಪೇಪರಿನವರು ನಮ್ಮನ್ನು 'ರೋಟರಿಯ ಮಹಿಳಾ ಘಟಕ' ಅಂತ ಬರೆಯುತ್ತಾರೆ. ತಪ್ಪು. ಶಾಲಾ ಮಕ್ಕಳ ಇಂಟರಾಕ್ಟ್ (1962), ಯುವಜನರ ರೋಟರಾಕ್ಟ್ (1968) ರೋಟರಿಯೇ ಶುರು ಮಾಡಿದವು. ನಮ್ಮದನ್ನು ನಾವೇ ಮಾಡಿಕೊಂಡೆವು. ನರ್ಸ್ ಆಗಿದ್ದ ಮಾರ್ಗರೆಟ್ ಗೋಲ್ಡಿಂಗ್ 1923ರ ನವೆಂಬರಿನಲ್ಲಿ ಮೊದಲ ಸಭೆ ಕರೆದಾಗ 27 ಮಂದಿ ಸೇರಿದ್ದರು, ಅದೂ ಒಂದು ಟರ್ಕಿಶ್ ಸ್ನಾನಗೃಹದಲ್ಲಿ. ಬಾಡಿಗೆ ಕೊಡಬೇಕಿರಲಿಲ್ಲ, ಅದಕ್ಕೆ. ಹೆಂಗಸರ ಲೆಕ್ಕಾಚಾರ ನೋಡಿ!

ಊರಿನ ಕ್ಲಬ್ಬು, ಅದರ ಮೇಲೆ ಹಲವು ಕ್ಲಬ್ಬುಗಳ ಡಿಸ್ಟ್ರಿಕ್ಟ್, ಅದರ ಮೇಲೆ ಭಾರತದ ಅಸೋಸಿಯೇಷನ್, ಕೊನೆಗೆ ಇಂಟರ್‌ನ್ಯಾಷನಲ್ ಇನ್ನರ್ ವೀಲ್. ನಮ್ಮ ಡ್ಯೂಸ್ (ಸದಸ್ಯತ್ವ ಶುಲ್ಕ) ಹೋಗುವುದು ಈ ದಾರಿಯಲ್ಲಿ. ರೋಟರಿ ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಗವರ್ನರ್ ನಮ್ಮ ಪದಗ್ರಹಣಕ್ಕೆ ಅತಿಥಿಯಾಗಿ ಬರಬಹುದು, ಶಾಲು ಹೊದೆಸಿಕೊಳ್ಳಬಹುದು. ಆದರೆ ನಮಗೆ ಆರ್ಡರ್ ಹಾಕುವಂತಿಲ್ಲ. ಈಗಂತೂ ಗಂಡ ರೋಟರಿಯಲ್ಲಿ ಇಲ್ಲದಿದ್ದರೂ ಇನ್ನರ್ ವೀಲ್ ಸೇರಬಹುದು. ನಮ್ಮಲ್ಲಿ ಟೀಚರ್ ಇದ್ದಾರೆ, ಬ್ಯೂಟಿ ಪಾರ್ಲರ್ ನಡೆಸುವವರಿದ್ದಾರೆ.

ಕೆಲವು ವರ್ಷಗಳ ಹಿಂದೆ ರೋಟರಿ ಜೊತೆ ಒಂದು ಜಂಟಿ ಸಭೆ. ಸರ್ಕಾರಿ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಪ್ಯಾಡ್ ಸುಡುವ ಯಂತ್ರ ಬೇಕು ಎಂದು ನಾನು ಎದ್ದು ಹೇಳಿದೆ. ಸಭೆಯಲ್ಲಿ ಒಮ್ಮೆಲೇ ಕೆಮ್ಮು ಶುರುವಾಯಿತು. ಒಬ್ಬ ಹಿರಿಯರು, "ಅದೆಲ್ಲ ಲೇಡೀಸ್ ಆಮೇಲೆ ಮಾತಾಡಿಕೊಳ್ಳಲಿ" ಎಂದು ಬಸ್ ಸ್ಟಾಪಿನ ತಂಗುದಾಣದ ವಿಷಯಕ್ಕೆ ಹೋದರು. ತಂಗುದಾಣದ ಮೇಲೆ ಹೆಸರು ಬರೆಸಬಹುದಲ್ವಾ. ನಾವು ಆಮೇಲೆ ಮಾತಾಡಿಕೊಂಡೆವು. ಮನೆಮನೆಯಿಂದ ಚಕ್ಕುಲಿ, ಉಪ್ಪಿನಕಾಯಿ ಮಾಡಿಸಿ ಸಂತೆಯ ದಿನ ಸ್ಟಾಲ್ ಹಾಕಿದೆವು. ಮಾರಿ ಬಂದ ದುಡ್ಡು ಸಾಲದೆ ನಮ್ಮ ಖಜಾಂಚಿ ಎರಡು ಅಂಗಡಿಗಳಲ್ಲಿ ಚೌಕಾಸಿ ಮಾಡಿದರು. ಅದಕ್ಕೂ ಮೊದಲು ಅವರು ಒಂದು ಚೆಕ್ಕಿಗೂ ಸಹಿ ಹಾಕಿದವರಲ್ಲ. ಯಂತ್ರ ಬಂತು. ಈಗಲೂ ಓಡುತ್ತಿದೆ. ವೈರಿಂಗ್ ಎರಡು ಸಲ ರಿಪೇರಿ ಆಗಿದೆ, ಅದೂ ನಮ್ಮ ಖರ್ಚಿನಲ್ಲೇ.

ರೋಟರಿಯಲ್ಲಿ ವಿಲೀನ ಮಾಡಿ ಎನ್ನುವವರಿಗೆ ಬೇಕಿರುವುದು ಪ್ರಾರ್ಥನೆ ಹಾಡುವವರು, ಆರತಿ ತಟ್ಟೆ ಹಿಡಿಯುವವರು. ನಮ್ಮಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ಎಡಿಟರ್, ಐಎಸ್‌ಓ (ಇಂಟರ್‌ನ್ಯಾಷನಲ್ ಸರ್ವಿಸ್ ಆರ್ಗನೈಸರ್), ಪ್ರತಿ ಕುರ್ಚಿಯಲ್ಲೂ ಹೆಂಗಸರೇ. ಜುಲೈ ಬಂದರೆ ಹೊಸಬರು. ಮೈಕ್ ಮುಂದೆ ನಡುಗುತ್ತಿದ್ದವರು ವರ್ಷದ ಕೊನೆಗೆ ಮೈಕ್ ಬಿಡುವುದಿಲ್ಲ. ರೋಟರಿ ಮೀಟಿಂಗ್ ಶುರುವಾಗುವುದೇ ರಾತ್ರಿ ಎಂಟಕ್ಕೆ, ಊಟ ಹತ್ತಕ್ಕೆ. ಮಕ್ಕಳಿಗೆ ಪರೀಕ್ಷೆ ಇದ್ದಾಗ ಯಾವ ತಾಯಿ ಹೋಗುತ್ತಾಳೆ? ನಾವು ಮಧ್ಯಾಹ್ನ ಮೂರಕ್ಕೆ ಸೇರಿ ಐದಕ್ಕೆ ಮನೆಗೆ ಬರುತ್ತೇವೆ.

ವಿರೋಧ: ಎರಡೆರಡು ಖರ್ಚು ಯಾಕೆ?

ಈ ಕಡೆ ಬರೆಯಲು ಯಾರೂ ಸಿಗದೆ ನನಗೆ ಹೇಳಿದರು. ನನ್ನ ಹೆಂಡತಿ ಇನ್ನರ್ ವೀಲ್‌ನಲ್ಲಿ ಇದ್ದಾಳೆ, ಹಾಗಾಗಿ ಸ್ವಲ್ಪ ಹುಷಾರಾಗಿ ಬರೆಯುತ್ತೇನೆ.

ನನ್ನ ಮುಖ್ಯ ತಕರಾರು ಖರ್ಚಿನದು. ಒಂದೇ ಮನೆಯಿಂದ ಎರಡು ಡ್ಯೂಸ್. ಒಂದೇ ಊರಿನಲ್ಲಿ ಎರಡು ಪದಗ್ರಹಣ, ಎರಡು ಬ್ಯಾನರ್, ಎರಡು ಊಟ. ಒಂದು ವರ್ಷ ನಾವು ಕಣ್ಣಿನ ಕ್ಯಾಂಪ್ ಮಾಡಿದ ಕಲ್ಯಾಣ ಮಂಟಪದಲ್ಲೇ ಅದೇ ವಾರ ಅವರೂ ಕಣ್ಣಿನ ಕ್ಯಾಂಪ್ ಮಾಡಿದರು. ಬಂದವರಲ್ಲಿ ಅರ್ಧ ಜನ ನಮ್ಮ ಕ್ಯಾಂಪಿಗೆ ಬಂದವರೇ. ಒಬ್ಬ ಅಜ್ಜ ಎರಡು ಕನ್ನಡಕ ತೆಗೆದುಕೊಂಡು ಖುಷಿಯಾಗಿ ಹೋದರು.

ಸಮಾನತೆಯ ಮಾತಿಗೆ ಬಂದರೆ ರೋಟರಿಯಲ್ಲಿ ಆ ಜಗಳ ಮುಗಿದಿದೆ. ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ರೋಟರಿ ಅದರ ಮಾನ್ಯತೆಯನ್ನೇ ಕಿತ್ತುಕೊಂಡಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರೋಟರಿಯ ವಿರುದ್ಧ ತೀರ್ಪು ಕೊಟ್ಟಿತು. 2022ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ಜಾಗತಿಕ ಅಧ್ಯಕ್ಷರೇ ಆದರು. ಇನ್ನೇನು ಬೇಕು? ತಾಲ್ಲೂಕು ಮಟ್ಟದಲ್ಲಿ ಇನ್ನೂ ಕಷ್ಟ ಇದೆ ಎನ್ನುತ್ತಾರೆ. ಇರಬಹುದು, ಅದು ಬೇರೆ ಚರ್ಚೆ.

ದೊಡ್ಡ ಕೆಲಸಕ್ಕೆ ರೋಟರಿಯ ಅನುದಾನ ಸಂಸ್ಥೆಯಾದ ರೋಟರಿ ಫೌಂಡೇಶನ್ ದುಡ್ಡು ಬೇಕು. ಅದರ ದೊಡ್ಡ ಅನುದಾನವಾದ ಗ್ಲೋಬಲ್ ಗ್ರಾಂಟ್ ಯೋಜನೆ ಎಂದರೆ ಕನಿಷ್ಠ 30,000 ಡಾಲರ್ ಬಜೆಟ್ ಇರಬೇಕು. ಅದಕ್ಕೆ ಅರ್ಜಿ ಹಾಕುವುದು ರೋಟರಿ ಇಲ್ಲವೇ ರೋಟರಾಕ್ಟ್ ಕ್ಲಬ್ಬು, ಅಥವಾ ಡಿಸ್ಟ್ರಿಕ್ಟ್. ಚಕ್ಕುಲಿ ಮಾರಿ ಡಯಾಲಿಸಿಸ್ ಯಂತ್ರ ತರಲಾಗುವುದಿಲ್ಲ. ರೋಟರಾಕ್ಟ್ ನೋಡಿ. ಮುಂಚೆ ಅದು ಯಾವುದಾದರೂ ರೋಟರಿ ಕ್ಲಬ್ಬಿನ ಹಿಂದೆ ನಡೆಯುತ್ತಿತ್ತು. 2020ರಿಂದ ಅದಕ್ಕೂ ರೋಟರಿಯ ಸದಸ್ಯ ಕ್ಲಬ್ಬಿನ ಸ್ಥಾನ ಸಿಕ್ಕಿದೆ. ಇನ್ನರ್ ವೀಲ್ ಕ್ಲಬ್ಬುಗಳಿಗೂ ಹಾಗೊಂದು ದಾರಿ ಮಾಡಿದರೆ ಹೆಸರು ಉಳಿಯುತ್ತದೆ, ಕುರ್ಚಿಗಳೂ ಉಳಿಯುತ್ತವೆ.

ಮೀಟಿಂಗ್ ಮಧ್ಯಾಹ್ನ ಇಡಿ ಎಂದರೆ ಅಂಗಡಿ ಮುಚ್ಚಿ ಬರಬೇಕಾಗುತ್ತದೆ, ಅದಕ್ಕೆ ನನ್ನಲ್ಲೂ ಉತ್ತರ ಇಲ್ಲ. ಸದ್ಯಕ್ಕೆ ಜುಲೈನಲ್ಲಿ ಎರಡೂ ಪದಗ್ರಹಣ ಒಂದೇ ಸಂಜೆ ಮುಗಿಸಿದರೆ ಹಾಲ್ ಬಾಡಿಗೆಯಾದರೂ ಉಳಿಯುತ್ತದೆ. ಕಳೆದ ಬೋರ್ಡ್ ಮೀಟಿಂಗಿನಲ್ಲೂ ಇದನ್ನೇ ಹೇಳಿದೆ. ಸ್ಟೇಜಿನಲ್ಲಿ ಅಷ್ಟು ಕುರ್ಚಿ ಹಿಡಿಸುವುದಿಲ್ಲ ಎಂದರು.